ನಾಯಿಗೆ ಲಿವರ್ ಶಂಟ್ ಅನುಮಾನವೇ? ಯಾವ ಪರೀಕ್ಷೆ ಏನು ಹೇಳುತ್ತದೆ?

ಊಟವಾದ ಒಂದೆರಡು ಗಂಟೆಗೆ ನಿಮ್ಮ ನಾಯಿಮರಿ ಮಂಕಾಗುತ್ತದೆಯೇ? ಗೋಡೆಗೆ ತಲೆ ಒತ್ತಿ ನಿಲ್ಲುತ್ತದೆಯೇ? ಜೊತೆಗೆ ಹುಟ್ಟಿದ ಮರಿಗಳಷ್ಟು ಬೆಳೆದಿಲ್ಲವೇ? ಹಾಗಿದ್ದರೆ ಪಶುವೈದ್ಯರು ಲಿವರ್ ಶಂಟ್ ಇರಬಹುದೆಂದು ಹೇಳಬಹುದು. ಕರುಳಿನಿಂದ ಬರುವ ರಕ್ತ ಯಕೃತ್ತಿನಲ್ಲಿ ಶುದ್ಧವಾಗದೆ, ಅಡ್ಡದಾರಿಯ ರಕ್ತನಾಳದ ಮೂಲಕ ನೇರವಾಗಿ ದೇಹಕ್ಕೆ ಸೇರುವ ಸ್ಥಿತಿಯಿದು. ಅಮೋನಿಯಾದಂಥ ವಿಷಗಳು ಮಿದುಳನ್ನು ತಲುಪುವುದರಿಂದ ಈ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಹುಟ್ಟಿನಿಂದ ಬಂದ ಶಂಟ್ ಯಾರ್ಕ್‌ಷೈರ್ ಟೆರಿಯರ್, ಮಾಲ್ಟೀಸ್, ಪಗ್‌ನಂಥ ಸಣ್ಣ ತಳಿಗಳಲ್ಲಿ ಸಾಮಾನ್ಯವಾಗಿ ಯಕೃತ್ತಿನ ಹೊರಗಿರುತ್ತದೆ. ಲ್ಯಾಬ್ರಡಾರ್‌ನಂಥ ದೊಡ್ಡ ತಳಿಗಳಲ್ಲಿ ಒಳಗಿರುತ್ತದೆ.

ಮೊದಲು ಸಾಮಾನ್ಯ ರಕ್ತ, ಮೂತ್ರ ಪರೀಕ್ಷೆ. ಯೂರಿಯಾ, ಆಲ್ಬುಮಿನ್, ಕೊಲೆಸ್ಟರಾಲ್ ಕಡಿಮೆಯಿದ್ದರೆ ಅದೊಂದು ಸುಳಿವು. ಲಿವರ್ ಕಿಣ್ವಗಳು ನಾರ್ಮಲ್ ಎಂಬ ಒಂದೇ ಕಾರಣಕ್ಕೆ ನಿಶ್ಚಿಂತರಾಗಬೇಡಿ. ಶಂಟ್ ಇರುವ ನಾಯಿಯಲ್ಲೂ ಅವು ಸಹಜವಾಗಿರಬಹುದು.

ಮುಂದಿನದು ಬೈಲ್ ಆಸಿಡ್ ಪರೀಕ್ಷೆ. ಸುಮಾರು 12 ಗಂಟೆ ಉಪವಾಸದ ನಂತರ ಒಮ್ಮೆ, ಊಟ ಕೊಟ್ಟು 2 ಗಂಟೆಯ ನಂತರ ಇನ್ನೊಮ್ಮೆ ರಕ್ತ ತೆಗೆಯುತ್ತಾರೆ. ಮನೆಯಲ್ಲಿ ಯಾರೂ ಕದ್ದು ಬಿಸ್ಕತ್ತು ಕೊಡದಂತೆ ನೋಡಿಕೊಳ್ಳಿ. ಆದರೆ ತೀರ ಪುಟ್ಟ ಮರಿಗೆ ಇಷ್ಟು ಹೊತ್ತು ಉಪವಾಸವಿದ್ದರೆ ಸಕ್ಕರೆ ಅಂಶ ಕುಸಿಯಬಹುದು, ವೈದ್ಯರನ್ನು ಕೇಳಿಯೇ ಮಾಡಿ. ಎರಡೂ ಫಲಿತಾಂಶ ಸಹಜವಾಗಿದ್ದರೆ ಶಂಟ್ ಸಾಧ್ಯತೆ ಬಹಳ ಕಡಿಮೆ. ಹೆಚ್ಚಿದ್ದರೆ ಶಂಟ್ ಖಚಿತವೆಂದಲ್ಲ: ಬೇರೆ ಲಿವರ್ ರೋಗಗಳಲ್ಲೂ, ಆರೋಗ್ಯವಾಗಿರುವ ಕೆಲವು ಮಾಲ್ಟೀಸ್‌ಗಳಲ್ಲೂ ಹೆಚ್ಚಿರುತ್ತದೆ. ಅಮೋನಿಯಾ ಪರೀಕ್ಷೆಯೂ ಉಪಯುಕ್ತವೇ, ಆದರೆ ಮಾದರಿಯನ್ನು ಮಂಜುಗಡ್ಡೆಯಲ್ಲಿಟ್ಟು ಕೂಡಲೇ ಪರೀಕ್ಷಿಸಬೇಕು. ದೂರದ ಲ್ಯಾಬ್‌ಗೆ ಕಳಿಸುವುದಾದರೆ ಹಣ ದಂಡ.

ಈಗ ಸ್ಕ್ಯಾನ್. ಅಲ್ಟ್ರಾಸೌಂಡ್‌ಗೆ ಸಾಮಾನ್ಯವಾಗಿ ಅರಿವಳಿಕೆ ಬೇಡ. ಮೂತ್ರಕೋಶದ ಕಲ್ಲು, ಹೊಟ್ಟೆಯ ನೀರೂ ಕಾಣುತ್ತದೆ. ಆದರೆ ಫಲಿತಾಂಶ ಮಾಡುವವರ ಅನುಭವವನ್ನು ಬಹಳ ಅವಲಂಬಿಸುತ್ತದೆ. "ಶಂಟ್ ಕಾಣಲಿಲ್ಲ" ಅಂದರೆ "ಶಂಟ್ ಇಲ್ಲ" ಎಂದರ್ಥವಲ್ಲ. ಸಿ.ಟಿ. ಆಂಜಿಯೋಗ್ರಾಂ ಆ ನಾಳ ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂದು ಸ್ಪಷ್ಟವಾಗಿ ತೋರಿಸುತ್ತದೆ. ಅದಕ್ಕೆ ಮತ್ತು ಬರಿಸುವ ಔಷಧಿ ಅಥವಾ ಅರಿವಳಿಕೆ ಬೇಕು, ಖರ್ಚೂ ಹೆಚ್ಚು, ಎಲ್ಲ ಕ್ಲಿನಿಕ್‌ಗಳಲ್ಲೂ ಸಿಗುವುದಿಲ್ಲ.

ಹಾಗಾದರೆ ಸಿ.ಟಿ. ಬೇಕೇ? ವೈದ್ಯರನ್ನು ಹೀಗೆ ಕೇಳಿ: "ಇದರ ಫಲಿತಾಂಶದಿಂದ ಚಿಕಿತ್ಸೆ ಬದಲಾಗುತ್ತದೆಯೇ?" ಶಸ್ತ್ರಚಿಕಿತ್ಸೆಗೆ ನೀವು ಸಿದ್ಧರಿದ್ದರೆ ಸಿ.ಟಿ.ಗೆ ಹಣ ಹಾಕುವುದು ಸರಿ. ಶಸ್ತ್ರಚಿಕಿತ್ಸೆ ಸಾಧ್ಯವೇ ಇಲ್ಲವೆಂದಾದರೆ ಅಲ್ಟ್ರಾಸೌಂಡ್‌ವರೆಗೆ ನಿಲ್ಲಿಸಿ, ಲ್ಯಾಕ್ಟುಲೋಸ್, ಆಂಟಿಬಯಾಟಿಕ್, ವಿಶೇಷ ಆಹಾರದಿಂದ ನಿಭಾಯಿಸುವುದನ್ನು ಚರ್ಚಿಸಬಹುದು. ಇದರಲ್ಲಿ ತಪ್ಪಿತಸ್ಥ ಭಾವ ಬೇಡ. ಲಿವರ್ ಬಯಾಪ್ಸಿಯೊಂದರಿಂದಲೇ ಶಂಟ್ ಖಚಿತವಾಗುವುದಿಲ್ಲ.

ವಯಸ್ಸಾದ ನಾಯಿಯಾದರೆ ಲೆಕ್ಕ ಬೇರೆ. ಬೇರೆ ಲಿವರ್ ಕಾಯಿಲೆಯಿಂದ ನಂತರ ಹುಟ್ಟಿಕೊಂಡ ಹಲವು ಶಂಟ್‌ಗಳಿರಬಹುದು, ಅವನ್ನು ಶಸ್ತ್ರಚಿಕಿತ್ಸೆಯಿಂದ ಮುಚ್ಚುವುದಿಲ್ಲ.

ಪರೀಕ್ಷೆಯ ದಿನಕ್ಕೆ ಕಾಯುವಾಗ ಮರಿಯ ಪ್ರೋಟೀನ್ ಅನ್ನು ನೀವಾಗಿಯೇ ನಿಲ್ಲಿಸಬೇಡಿ, ಬೆಳವಣಿಗೆಗೆ ಅದು ಬೇಕು. ವಿಚಿತ್ರವಾಗಿ ವರ್ತಿಸಿದಾಗ ಮೊಬೈಲ್‌ನಲ್ಲಿ ವೀಡಿಯೊ ಮಾಡಿ, ಊಟದ ಸಮಯ ಬರೆದಿಡಿ. ಫಿಟ್ಸ್ ಬಂದರೆ ಅಥವಾ ಎಬ್ಬಿಸಿದರೂ ಏಳದಿದ್ದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.