ತೊಲೆ ಎಷ್ಟು ಹೊರುತ್ತದೆ?

ಬೆಳಗಾವಿ ಜಿಲ್ಲೆಯಲ್ಲಿ ಸುಗ್ಗಿಯ ಕಾಳು ಎರಡು ದಾರಿ ಹಿಡಿಯುತ್ತಿತ್ತು. ಪೂರ್ವದ ಸವದತ್ತಿ, ಬೈಲಹೊಂಗಲದ ಕಡೆ ಅದು ನೆಲದೊಳಗೆ ಇಳಿಯುತ್ತಿತ್ತು. ಪಶ್ಚಿಮದ ಖಾನಾಪುರದಲ್ಲಿ ಅಟ್ಟ ಏರುತ್ತಿತ್ತು. ಕಾರಣ ಮಳೆ. ಎರೆಸೀಮೆಯವರು ಗಟ್ಟಿ ನೆಲ ನೋಡಿ ಹಗೇವು ತೋಡಿ, ಸುತ್ತ ಹುಲ್ಲು ಹಾಸಿ, ಜೋಳ ತುಂಬಿ ಬಾಯಿ ಮುಚ್ಚಿದರೆ ಅದು ವರ್ಷಗಟ್ಟಲೆ ಕೆಡುತ್ತಿರಲಿಲ್ಲ. ಮಲಪ್ರಭೆ ಹುಟ್ಟುವ ಕಣಕುಂಬಿಯ ಕಡೆ ಹೀಗೆ ಗುಂಡಿ ತೋಡಿದರೆ ಜೂನ್ ಕಳೆಯುವುದರೊಳಗೆ ಅದು ಬಾವಿಯಾಗುತ್ತದೆ. ಅಲ್ಲಿ ಭತ್ತಕ್ಕೆ ಬಿದಿರಿನ ಕಣಜವೇ ಗತಿ, ಇಲ್ಲವೇ ಅಟ್ಟ.

ಹಗೇವಿಗೂ ಅದರದೇ ಗಂಡಾಂತರವಿತ್ತು. ಮುಚ್ಚಿಟ್ಟ ಕಾಳು ಒಳಗಿನ ಗಾಳಿಯನ್ನು ವಿಷ ಮಾಡಿರುತ್ತದೆ. ಬಾಯಿ ತೆರೆದು ಗಾಳಿಯಾಡಲು ಬಿಡದೆ ಇಳಿದವರು ಮೇಲೆ ಬರುತ್ತಿರಲಿಲ್ಲ. ಆದರೆ ಅಲ್ಲಿ ಭಾರದ ಚಿಂತೆ ಇಲ್ಲ, ಹೊರುವುದು ಭೂಮಿ. ಕಾಳನ್ನು ನೆಲದಿಂದ ಒಂದು ಮಾರು ಮೇಲಕ್ಕೆ ಎತ್ತಿಟ್ಟ ಗಳಿಗೆಯಿಂದ ಮಾತ್ರ ಮನುಷ್ಯನಿಗೆ ಹೊಸದೊಂದು ಪ್ರಶ್ನೆ ಗಂಟು ಬೀಳುತ್ತದೆ: ಈ ತೊಲೆ ಎಷ್ಟು ಹೊರುತ್ತದೆ? ಅರಮನೆ, ಕೋಟೆಗಳ ಇತಿಹಾಸ ನಮ್ಮಲ್ಲಿ ಬೇಕಾದಷ್ಟಿದೆ. ಈ ಪ್ರಶ್ನೆಗೂ ಒಂದು ಇತಿಹಾಸವಿದೆ ಎಂದು ನನ್ನ ನಂಬಿಕೆ.

ಖಾನಾಪುರದ ಬಡಗಿಗಳಿಗೆ ಉತ್ತರ ಕೈಯಲ್ಲೇ ಇತ್ತು. ಕಾಡು ಬಾಗಿಲಲ್ಲಿ: ಸಾಗವಾನಿ, ಮತ್ತಿ, ನಂದಿ, ಹೊನ್ನೆ. ತೊಲೆಯನ್ನು ಅವರು ಅಡ್ಡ ಮಲಗಿಸುತ್ತಿರಲಿಲ್ಲ, ಅಗಲ ಕಡಿಮೆಯಾಗಿ ಎತ್ತರ ಹೆಚ್ಚಾಗುವಂತೆ ನಿಲ್ಲಿಸಿ ಕೂರಿಸುತ್ತಿದ್ದರು. ಎತ್ತರ ಎರಡು ಪಟ್ಟಾದರೆ ಬಿಗಿ ಎಂಟು ಪಟ್ಟಾಗುತ್ತದೆ ಎಂದು ಇಂಜಿನಿಯರಿಂಗ್ ಪುಸ್ತಕ ಹೇಳುತ್ತದೆ. ಬಡಗಿ ಅದನ್ನು ಲೆಕ್ಕವಿಲ್ಲದೆ ಬಲ್ಲ. ಹಾಗೆಯೇ, ಅದೇ ಭಾರಕ್ಕೆ ತೊಲೆಯ ಉದ್ದ ಎರಡು ಪಟ್ಟಾದರೆ ಬಾಗು ಎಂಟು ಪಟ್ಟಾಗುತ್ತದೆ. ಅದಕ್ಕೇ ಕಂಬದ ತಲೆಯ ಮೇಲೆ ಬೋದಿಗೆ. ನಾವು ಅದರ ಕೆತ್ತನೆ ನೋಡಿ ಫೋಟೋ ತೆಗೆಯುತ್ತೇವೆ. ಅದರ ನಿಜವಾದ ಕೆಲಸ ಎರಡು ಕಡೆಯಿಂದ ಕೈಚಾಚಿ ತೊಲೆ ದಾಟಬೇಕಾದ ಬಯಲನ್ನು ಗೇಣುದ್ದ ಕಡಿಮೆ ಮಾಡುವುದು. ಮನೆಯನ್ನೇ ಕಂಬದಿಂದ ಕಂಬಕ್ಕೆ ಅಳೆಯುತ್ತಿದ್ದರು. ಇಷ್ಟು ಅಂಕಣದ ಮನೆ, ಇಷ್ಟು ಖಣದ ಮನೆ ಅಂದರೆ ಆಯಿತು, ಚದರಡಿ ಬೇಕಿರಲಿಲ್ಲ. ಅಂಕಣ ಎಂದರೆ ತೊಲೆಗೆ ಒಪ್ಪಿಸಬಹುದಾದ ದೂರ ಎಂದು ನಾನು ಓದಿಕೊಳ್ಳುತ್ತೇನೆ.

ಆ ಕಾಲದ ಅಟ್ಟಕ್ಕೆ ಇನ್ನೊಂದು ಗುಣವಿತ್ತು. ಅದರ ಮೇಲೆ ಚೀಲ ಏರಿಸಿದವನು ರಾತ್ರಿ ಅದರ ಕೆಳಗೇ ಮಲಗುತ್ತಿದ್ದ. ತೊಲೆ ಕಿರ್ ಎಂದರೆ ಅವನಿಗೇ ಕೇಳುತ್ತಿತ್ತು. ಗೆದ್ದಲಿನ ಮಣ್ಣು ಉದುರಿದರೆ ಅವನ ಹಾಸಿಗೆಯ ಮೇಲೇ ಉದುರುತ್ತಿತ್ತು. ಪರಿಶೀಲನೆಗೆ ಬೇರೆ ದಿನ ಗೊತ್ತುಮಾಡಬೇಕಿರಲಿಲ್ಲ.

ವ್ಯಾಪಾರ ಬೆಳೆದಲ್ಲಿ ಈ ಸಂಬಂಧ ಸಡಿಲವಾಯಿತು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ಗಲ್ಲಿಗೇರಿಸಿದ ಊರೆಂದು ನಮಗೆ ಗೊತ್ತಿರುವ ನಂದಗಡ, ಹತ್ತೊಂಬತ್ತನೆಯ ಶತಮಾನದಲ್ಲಿ ಖಾನಾಪುರ ಸೀಮೆಯ ದೊಡ್ಡ ಪೇಟೆ. ಗೋವಾದಿಂದ ಉಪ್ಪು, ತೆಂಗು, ಅಡಿಕೆ ಘಟ್ಟ ಹತ್ತಿ ಬರುತ್ತಿದ್ದವು, ಇತ್ತಿಂದ ಕಾಳುಕಡಿ ಇಳಿಯುತ್ತಿತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಈ ಭಾಗಕ್ಕೆ ಬಂದು ಲೋಂಡಾದಿಂದ ಮಾರ್ಮಗೋವಾ ಬಂದರಿಗೆ ಕೊಂಡಿ ಬೆಸೆಯಿತು. ಎತ್ತಿನ ಬೆನ್ನಿನ ಹೇರು ವ್ಯಾಗನ್ನಿನ ಲೋಡಾಯಿತು. ಬೆಳಗಾವಿಯ ಅಡತಿ ಅಂಗಡಿಗಳ ಹಿಂದೆ ಗೋದಾಮು ಬೆಳೆದವು. ಅಲ್ಲಿ ಚೀಲ ಮತ್ತೆ ನೆಲಕ್ಕೆ ಇಳಿದು ಥಪ್ಪಿಯಾಯಿತು: ಅಡಿಗೆ ಹಲಗೆ, ಮೇಲೆ ಚೀಲದ ಮೇಲೆ ಚೀಲ, ಒಂದು ಸಾಲು ಉದ್ದ ಒಂದು ಸಾಲು ಅಡ್ಡ. ಇಲ್ಲಿ ತೊಲೆಯೇ ಇಲ್ಲ. ಅಡಿಯ ಚೀಲ ಮೇಲಿನದನ್ನೆಲ್ಲ ಹೊರುತ್ತದೆ, ಮೇಲಿನದನ್ನು ಅಲ್ಲಿಗೇರಿಸಿದ್ದು ಹಮಾಲನ ಬೆನ್ನು. ಕ್ವಿಂಟಲ್ ತೂಕದ ಚೀಲ ಐವತ್ತು ಕಿಲೋಗೆ ಇಳಿಯಲು ಎಷ್ಟು ತಲೆಮಾರಿನ ಬೆನ್ನು ಸವೆದವು ಎಂಬುದನ್ನು ಯಾವ ದಫ್ತರವೂ ಬರೆದಿಡಲಿಲ್ಲ.

ಬೆಳಗಾವಿ ಮುಂಬಯಿ ಪ್ರಾಂತ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1. ಅದೇ ವರ್ಷ ಉಗ್ರಾಣ ನಿಗಮಗಳ ಕಾಯ್ದೆ ಬಂತು. ಮರುವರ್ಷವೇ ಕೇಂದ್ರ ಉಗ್ರಾಣ ನಿಗಮ, ರಾಜ್ಯ ಉಗ್ರಾಣ ನಿಗಮ ಎರಡೂ ಹುಟ್ಟಿದವು. ಸರಕು ಇಟ್ಟು ರಸೀದಿ ಪಡೆದು, ಆ ರಸೀದಿ ತೋರಿಸಿ ಸಾಲ ಪಡೆಯುವ ಅವಕಾಶ ರೈತನಿಗೆ ಬಂತು. ದೊಡ್ಡ ಸುಧಾರಣೆ. ಆದರೂ ಒಳಗೆ ಥಪ್ಪಿಯ ಲೋಕವೇ ಮುಂದುವರಿಯಿತು. ಇವತ್ತಿಗೂ ಧಾನ್ಯದ ಗೋದಾಮಿಗೆ ಅದೇ ಸರಿ ಎಂದು ನನಗನ್ನಿಸುತ್ತದೆ.

ರ‍್ಯಾಕ್ ಬಂದದ್ದು ಬೇರೆ ಬಾಗಿಲಿನಿಂದ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಫೋರ್ಕ್‌ಲಿಫ್ಟ್ ಮತ್ತು ಮರದ ಪ್ಯಾಲೆಟ್ಟುಗಳನ್ನು ಭಾರಿ ಪ್ರಮಾಣದಲ್ಲಿ ಬಳಸಿತು. ಯುದ್ಧ ಮುಗಿದ ಮೇಲೆ ಆ ಜೋಡಿ ಲೋಕವನ್ನೆಲ್ಲ ಸುತ್ತಿತು. ನಮ್ಮಲ್ಲಿ 2017ರ ಜುಲೈ 1ರಂದು ಜಿಎಸ್‌ಟಿ ಬಂದು, ತೆರಿಗೆಗಾಗಿ ರಾಜ್ಯಕ್ಕೊಂದು ಸಣ್ಣ ಗೋದಾಮು ಇಡುವ ಅಗತ್ಯ ತಪ್ಪಿದ ಮೇಲೆ, ಎತ್ತರದ ದೊಡ್ಡ ಗೋದಾಮುಗಳಿಗೆ ಬೇಡಿಕೆ ಹೆಚ್ಚಿತು. ಮತ್ತೆ ತೊಲೆ ಬಂತು, ಈ ಸಲ ಉಕ್ಕಿನದು.

ರ‍್ಯಾಕ್ ಎಂದರೆ ಮಡಚಿದ ತಗಡಿನ ಜಂತಿಮನೆ. ಕಂಬದ ಮೈತುಂಬ ತೂತು, ತೊಲೆಯ ತುದಿಯಲ್ಲಿ ಕೊಕ್ಕೆ. ಎರಡು ಕಂಬದ ನಡುವೆ ಒಂದು ಅಂಕಣ, ಅದರಲ್ಲಿ ಹಿಂದೊಂದು ಮುಂದೊಂದು ಜೋಡಿ ತೊಲೆ. 1200 ಮಿಲಿಮೀಟರ್ ಮುಖದ ಎರಡು ಪ್ಯಾಲೆಟ್, ಪಕ್ಕಕ್ಕೂ ನಡುವೆಯೂ ನೂರು ನೂರು ಬಿಟ್ಟರೆ 2700 ಆಯಿತು. ಒಂದೊಂದು ಪ್ಯಾಲೆಟ್ಟಿನ ಮೇಲೆ ಐವತ್ತು ಕಿಲೋದ ಇಪ್ಪತ್ತು ಚೀಲ ಇಟ್ಟರೆ ಜೋಡಿ ತೊಲೆಯ ಮೇಲೆ ಎರಡು ಟನ್. ತುಂಬಿದಾಗ ತೊಲೆ ತನ್ನ ಉದ್ದದ ಇನ್ನೂರನೆಯ ಒಂದು ಪಾಲಿಗಿಂತ ಹೆಚ್ಚು ಬಾಗಬಾರದು ಎಂಬುದು ಯುರೋಪಿನ ಮಾನದಂಡ, ಅಂದರೆ ಇಲ್ಲಿ ಹದಿಮೂರೂವರೆ ಮಿಲಿಮೀಟರ್. ಸರಕು ಇಳಿಸಿದ ಮೇಲೆ ಅದು ನೆಟ್ಟಗಾಗಬೇಕು. ಆಗದಿದ್ದರೆ ಆ ತೊಲೆಯ ಆಯಸ್ಸು ಮುಗಿಯಿತು. ಕಾಯಿಸಿ, ಬಡಿದು ನೇರ ಮಾಡುವುದು ನಮ್ಮ ಕಡೆಯ ಜಾಣತನ. ತಣ್ಣಗೆ ಮಡಚಿದ ಉಕ್ಕಿನ ಬಲ ಆ ಬೆಂಕಿಯಲ್ಲೇ ಹೋಗುತ್ತದೆ.

ಬೆಳಗಾವಿಯಂಥ ಊರಲ್ಲಿ ಆಯ್ಕೆಯ ಕಷ್ಟ ಬೇರೆಯೇ. ಒಂದೇ ಗೋದಾಮಿನಲ್ಲಿ ಈ ತಿಂಗಳು ಚುರುಮುರಿ, ಮುಂದಿನ ತಿಂಗಳು ಉದ್ಯಮಬಾಗದ ಫೌಂಡ್ರಿಯ ಎರಕದ ಸಾಮಾನು. ಚುರುಮುರಿ ಚೀಲ ಸೂರು ಮುಟ್ಟಿದರೂ ತೊಲೆಗೆ ಗೊತ್ತಾಗದು. ಎರಕದ ಸಾಮಾನು ಮೊಣಕಾಲೆತ್ತರಕ್ಕೇ ಟನ್ ದಾಟೀತು. ಕಣ್ಣಿಗೆ ಜಾಗ ಖಾಲಿ ಕಾಣುತ್ತದೆ, ಕೈ ಇನ್ನಷ್ಟು ಪೇರಿಸುತ್ತದೆ. ಹಾಗಾಗಿ ತೊಲೆಯನ್ನು ಆರಿಸುವಾಗ ಅಲ್ಲಿಗೆ ಎಂದಾದರೂ ಬರಬಹುದಾದ ಅತಿ ಭಾರದ ಪ್ಯಾಲೆಟ್ಟಿಗೆ ಆರಿಸಬೇಕು. ಎತ್ತರದ ಸರಕಿಗಾಗಿ ಕೆಳಗಿನ ತೊಲೆ ಬಿಚ್ಚಿ ಮೇಲಿನ ತೂತಿಗೆ ಸಿಕ್ಕಿಸುವುದು ಐದು ನಿಮಿಷದ ಕೆಲಸ, ಬಹಳ ಅಪಾಯದ ಕೆಲಸವೂ ಹೌದು. ತೊಲೆಗಳು ಕಂಬವನ್ನು ಅಲ್ಲಲ್ಲಿ ಹಿಡಿದಿಟ್ಟಿರುತ್ತವೆ. ಆ ಹಿಡಿತಗಳ ನಡುವಿನ ದೂರ ಹೆಚ್ಚಿದಷ್ಟೂ ಕಂಬ ಸೊರಗುತ್ತದೆ. ತೊಲೆ ಬಾಗುವುದು ನಿಧಾನ, ಕಂಬ ಮಡಚುವುದು ಒಂದು ಕ್ಷಣ, ಅದು ಮಡಚಿದರೆ ಪಕ್ಕದ ಅಂಕಣವನ್ನೂ ಎಳೆದುಕೊಳ್ಳಬಹುದು.

ಉಸ್ತುವಾರಿಯಲ್ಲಿ ಮೊದಲು ನೋಡಬೇಕಾದ್ದು ಬೆರಳುದ್ದದ ಪಿನ್ನು. ಫೋರ್ಕ್‌ಲಿಫ್ಟಿನ ಕೊಂಬು ತೊಲೆಯನ್ನು ಕೆಳಗಿನಿಂದ ತಾಗಿ ಎತ್ತಿದರೆ ಕೊಕ್ಕೆ ಕಳಚದಂತೆ ತಡೆಯುವುದು ಅದೊಂದೇ. ಕಳೆದುಹೋದ ಪಿನ್ನಿನ ಜಾಗದಲ್ಲಿ ಮೊಳೆ, ತಂತಿ ನಾನು ಕಂಡಿದ್ದೇನೆ. ಆಮೇಲೆ ತುದಿಯ ಬೆಸುಗೆಯ ಬಿರುಕು. ಆಮೇಲೆ ತುಕ್ಕು: ಖಾನಾಪುರದ ನಾಲ್ಕು ತಿಂಗಳ ತೇವ ಹೊಕ್ಕುವುದು ಬಣ್ಣ ಕೆತ್ತಿಹೋದ ಕೊಕ್ಕೆಯ ಸಂದಿಗೆ ಮತ್ತು ಕಂಬದ ಪಾದಕ್ಕೆ. ಅಂಥಲ್ಲಿ ಬಣ್ಣಕ್ಕಿಂತ ಸತುವಿನ ಲೇಪ ಮೇಲು. ವರ್ಷಕ್ಕೊಮ್ಮೆಯಾದರೂ ಬಲ್ಲವರಿಂದ ತಪಾಸಣೆ ಮಾಡಿಸಿ, ಹಾನಿಗೆ ಹಸಿರು, ಹಳದಿ, ಕೆಂಪು ಗುರುತು ಹಾಕುವುದು ಯುರೋಪಿನ ಪದ್ಧತಿ. ಕೆಂಪು ಬಿದ್ದರೆ ಆ ಕೂಡಲೇ ಸರಕು ಇಳಿಸಬೇಕು.

2023ರ ಡಿಸೆಂಬರ್ 4ರ ಸಂಜೆ ವಿಜಯಪುರದ ಅಲಿಯಾಬಾದ ಕೈಗಾರಿಕಾ ಪ್ರದೇಶದಲ್ಲಿ ಮೆಕ್ಕೆಜೋಳದ ಸಂಗ್ರಹ ಘಟಕವೊಂದು ಕುಸಿದು, ಅದರಡಿ ಸಿಕ್ಕ ಏಳು ಕಾರ್ಮಿಕರು ಸತ್ತರು. ಎಲ್ಲರೂ ಬಿಹಾರದಿಂದ ಬಂದವರು. ಅದು ಪ್ಯಾಲೆಟ್ ರ‍್ಯಾಕ್ ಅಲ್ಲ, ಕುಸಿತದ ಕಾರಣವೂ ಬೇರೆ ಇರಬಹುದು. ಆದರೆ ಕಾಳನ್ನು ನೆಲದಿಂದ ಮೇಲಕ್ಕೆತ್ತಿದ ಮೇಲೆ ಕೆಳಗೆ ನಿಲ್ಲುವವರು ಯಾರು ಎಂಬುದನ್ನು ಅದು ತೋರಿಸಿತು. ಅಟ್ಟದ ಕೆಳಗೆ ಮಲಗುತ್ತಿದ್ದವನು ಅಟ್ಟದ ಯಜಮಾನ. ಈಗ ಭಾರದ ಲೆಕ್ಕ ಬಲ್ಲವನು ಒಂದು ಊರಲ್ಲಿ, ಸರಕಿನ ಒಡೆಯ ಇನ್ನೊಂದು ಊರಲ್ಲಿ, ಅಡಿಯಲ್ಲಿ ನಡೆದಾಡುವವನು ಮೂರನೆಯವನು.

ಇವರ ನಡುವೆ ಉಳಿದಿರುವ ಒಂದೇ ಮಾತು ರ‍್ಯಾಕಿನ ತುದಿಗೆ ಹಾಕುವ ಫಲಕ: ಅಂಕಣವೊಂದಕ್ಕೆ, ತೊಲೆಯ ಜೋಡಿಯೊಂದಕ್ಕೆ ಎಷ್ಟು ಕಿಲೋ ಎಂದು ಬರೆದದ್ದು. ನಾನು ಬೆಳಗಾವಿಯಲ್ಲಿ ನೋಡಿದ ಕೆಲವು ಗೋದಾಮುಗಳಲ್ಲಿ ಅದು ಇಂಗ್ಲಿಷಿನಲ್ಲಿತ್ತು. ಅಂಗಡಿಯ ಬೋರ್ಡು ಯಾವ ಭಾಷೆಯಲ್ಲಿರಬೇಕೆಂದು ಬೀದಿಗಿಳಿಯುವ ಊರು ಇದು. ಒಂದು ಕಡೆ ಮಾತ್ರ ಆ ಫಲಕದ ಕೆಳಗೆ ಯಾರೋ ಸುಣ್ಣದ ಕಡ್ಡಿಯಲ್ಲಿ ಕನ್ನಡದಲ್ಲೂ ಮರಾಠಿಯಲ್ಲೂ ‘40 ಚೀಲ, ಸಾಕು’ ಎಂದು ಬರೆದಿದ್ದರು.