ಯಾರ ಮನೆ, ಯಾವ ಪಾಠ?

ಮಕ್ಕಳನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುವುದು ಒಳ್ಳೆಯದೆಂಬ ಮಾತು ಈಗ ಓದಿಕೊಂಡವರ ನಡುವೆ ಕೇಳಿಬರುತ್ತಿದೆ. ಜಮಖಂಡಿಯಲ್ಲಿ ಪಾಠ ಹೇಳುವ ನಾನು ದಲಿತ ಓಣಿಯಿಂದ ಬಂದವನು. ನನ್ನ ಪ್ರಶ್ನೆ ಇಷ್ಟೇ: ಮನೆ ಅಂದರೆ ಯಾರ ಮನೆ?

ಅಕ್ಷರ ಇದ್ದವರಿಗೆ ಮನೆಯೇ ಶಾಲೆಯಾಗಿತ್ತು. ಉಳಿದವರ ಮನೆಗಳೂ ಕಲಿಸುತ್ತಿದ್ದವು. ರಬಕವಿ-ಬನಹಟ್ಟಿಯ ನೇಕಾರನ ಮನೆ ಮಗ್ಗ ಕಲಿಸಿತು. ನಮ್ಮ ಮನೆಗಳು ಸತ್ತ ದನ ಎಳೆಯುವುದನ್ನು, ತೊಗಲು ಹದ ಮಾಡುವುದನ್ನು ಕಲಿಸಿದವು. ಅದರ ಜೊತೆಗೆ ಯಾರ ಮುಂದೆ ಎಷ್ಟು ಬಾಗಬೇಕೆಂಬುದನ್ನೂ ಕಲಿಸಿದವು. ಜಾತಿ ಮೊದಲು ಮನೆಯಲ್ಲಿ ಕಲಿತ ಪಾಠ. ಮುಧೋಳದ ರನ್ನ (ಜನನ 949) ಬಳೆಗಾರರ ಮಗ. ಮನೆಯಲ್ಲೇ ಉಳಿದಿದ್ದರೆ ಬಳೆ ಮಾರುತ್ತಿದ್ದ. ಗುರುವನ್ನು ಹುಡುಕಿ ಶ್ರವಣಬೆಳಗೊಳಕ್ಕೆ ಹೋದದ್ದರಿಂದ ಕವಿಯಾದ. ಅವನಿಗೆ ಒಂದು ಬಾಗಿಲಾದರೂ ತೆರೆಯಿತು. ಅಸ್ಪೃಶ್ಯನಿಗೆ?

ಜಮಖಂಡಿ, ಮುಧೋಳ ಆಗ ಸಂಸ್ಥಾನಗಳು. ಬ್ರಿಟಿಷ್ ಮುಲ್ಕಿನ ಧಾರವಾಡದಲ್ಲಿ 1856ರಲ್ಲಿ ಮಹಾರ್ ಹುಡುಗನೊಬ್ಬ ತನ್ನನ್ನು ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಬೇಕೆಂದು ಮುಂಬಯಿ ಸರ್ಕಾರಕ್ಕೆ ಅರ್ಜಿ ಕೊಟ್ಟ. ಅವನೊಬ್ಬನನ್ನು ಸೇರಿಸಿದರೆ ಸವರ್ಣರ ಮಕ್ಕಳೆಲ್ಲ ಶಾಲೆ ಬಿಟ್ಟಾರೆಂದು ಅಂಜಿದ ಸರ್ಕಾರ ಒಪ್ಪಲಿಲ್ಲ. ಆದರೆ ಆ ಪ್ರಶ್ನೆ ಸಾಯಲಿಲ್ಲ. ಪೂರ್ತಿ ಸರ್ಕಾರಿ ಖರ್ಚಿನ ಶಾಲೆಗಳು ಜಾತಿಭೇದವಿಲ್ಲದೆ ಎಲ್ಲರಿಗೂ ತೆರೆದಿರಬೇಕೆಂದು 1858ರಲ್ಲಿ ಅದೇ ಸರ್ಕಾರ ಸಾರಬೇಕಾಯಿತು. ಸಾರ್ವಜನಿಕ ಶಾಲೆಯ ಅರ್ಥ ಇಲ್ಲಿದೆ. ಸರ್ಕಾರದ ಬಾಗಿಲು ಮುಚ್ಚಿದರೆ ಅರ್ಜಿ ಬರೆಯಬಹುದು, ಜಗಳ ತೆಗೆಯಬಹುದು. ಯಾರದೋ ಮನೆಯ ಬಾಗಿಲಿನ ಮೇಲೆ ಯಾವ ಅರ್ಜಿ ಹಾಕುವುದು?

ಶಾಲೆ ಸ್ವರ್ಗವಾಗಿತ್ತೆಂದು ನಾನು ಹೇಳುತ್ತಿಲ್ಲ. ಸಾತಾರಾದ ಶಾಲೆಯಲ್ಲಿ ಬಾಲಕ ಅಂಬೇಡ್ಕರರು ಬೇರೆಯಾಗಿ ಗೋಣಿತಟ್ಟಿನ ಮೇಲೆ ಕೂರಬೇಕಾಯಿತು. ಅವರ ತಂದೆ ರಾಮಜಿ ಸೈನ್ಯದ ಶಾಲೆಯಲ್ಲಿ ಮಾಸ್ತರರಾಗಿದ್ದವರು, ಮನೆಯಲ್ಲಿ ತಾವೇ ಕಲಿಸಬಲ್ಲವರು. ಆದರೂ ಮಗನನ್ನು ಶಾಲೆಗೇ ಕಳಿಸಿದರು. ಅವಮಾನದ ಆ ಜಾಗದಲ್ಲೇ ಸಮಾನತೆಯನ್ನು ಕೇಳಬೇಕಿತ್ತು.

6ರಿಂದ 14 ವಯಸ್ಸಿನ ಮಕ್ಕಳಿಗೆ ಶಿಕ್ಷಣ ಕಾನೂನಿನ ಹಕ್ಕಾಗಿ ಜಾರಿಗೆ ಬಂದದ್ದೇ 2010ರಲ್ಲಿ. ಹತ್ತು ವರ್ಷಕ್ಕೆ ಕೊರೊನಾ ಬಂದು ಶಾಲೆಗಳು ಮುಚ್ಚಿದವು, ಎಲ್ಲರ ಮನೆಯೂ ಶಾಲೆಯಾಗಬೇಕೆಂದರು. ಫೋನಿದ್ದ ಮನೆಗಳಲ್ಲಿ ಪಾಠ ನಡೆಯಿತು. ಫೋನಿಲ್ಲದ ಮನೆಗಳ ಹುಡುಗರನ್ನು ನಾನು ಬೀಳಗಿ, ಮುಧೋಳದ ಕಬ್ಬಿನ ಹೊಲಗಳಲ್ಲಿ ಕಂಡೆ. ಮನೆ ಮತ್ತೆ ತನ್ನ ಹಳೆಯ ಪಾಠವನ್ನೇ ಕಲಿಸುತ್ತಿತ್ತು.

ಇಂದಿನ ಸರ್ಕಾರಿ ಶಾಲೆಯ ಕುಂದುಗಳನ್ನು ನಾವು ಬಯ್ಯೋಣ, ತಿದ್ದೋಣ, ಬಿಟ್ಟುಕೊಡುವುದು ಬೇಡ. ಮನೆಯಲ್ಲೇ ಕಲಿಸುವವರ ವಿಷಯ ತಿಳಿಸಿದಾಗ ನನ್ನ ಅವ್ವ ಅಂದಳು: "ಮನ್ಯಾಗ ಕಲಿಯೂದೆಲ್ಲಾ ನಾವು ತಲಿತಲಾಂತರದಿಂದ ಕಲತೇವೋ ತಮ್ಮಾ. ಬ್ಯಾರೆ ಮಂದಿ ಮಗ್ಗಲಕ್ಕ ಕುಂಡ್ರೂದನ್ನ ಸಾಲ್ಯಾಗ ಬಿಟ್ರ ಎಲ್ಲಿ ಕಲೀಬೇಕು?"