ಡಬ್ಬಿ ಮೇಲಿನ ಅಂಕಿ, ಒಳಗಿನ ಚಿಪ್ಪು: ಗ್ರಾಫಿಕ್ಸ್ ಕಾರ್ಡನ್ನು ಒರೆಗೆ ಹಚ್ಚಿದ ಕಥೆ

ಈ ವಾರದ ವಿಡಿಯೋದಲ್ಲಿ ಮಾತಾಡಿದ್ದನ್ನೇ ಸ್ವಲ್ಪ ತಿದ್ದಿ ಇಲ್ಲಿ ಬರೆದಿದ್ದೀನಿ. ಆಫೀಸ್ ಬಸ್ಸಲ್ಲಿ ಕೂತು ವಿಡಿಯೋ ನೋಡೋಕೆ ಆಗಲ್ಲ, ಓದೋಕೆ ಕೊಡಿ ಅಂತ ಕೇಳೋರಿಗಾಗಿ.

ಬಾಂದ್ರಾ ಪೂರ್ವದ ನಮ್ಮ ಬಾಡಿಗೆ ಮನೆಗೆ ಮೊನ್ನೆ ಒಂದು ಹೊಸ ಗ್ರಾಫಿಕ್ಸ್ ಕಾರ್ಡ್ ಬಂತು. ಆರ್‌ಟಿಎಕ್ಸ್ 5070 ಟಿಐ. ನನಗಲ್ಲ, ಹುಬ್ಬಳ್ಳಿಯಲ್ಲಿರೋ ನಮ್ಮ ಚಿಕ್ಕಪ್ಪನ ಮಗನಿಗೆ. ಮದುವೆ ವಿಡಿಯೋ ಎಡಿಟಿಂಗ್ ಅವನ ಹೊಟ್ಟೆಪಾಡು. ಡಬ್ಬಿ ಬಂದ ಸಂಜೆಯೇ ಕಾರ್ಡನ್ನು ನನ್ನ ಕಂಪ್ಯೂಟರಿಗೆ ಹಾಕಿ ಮೂರು ಗಂಟೆ ಪರೀಕ್ಷೆ ಮಾಡ್ತಾ ಕೂತೆ. "ಸೀಲ್ ಒಡೆಯದ ಡಬ್ಬಿ ರೀ, ಇಷ್ಟೊಂದು ಅನುಮಾನ ಯಾಕೆ?" ಅಂದಳು ಹೆಂಡತಿ. ಅದಕ್ಕೆ ಉತ್ತರ ಹೇಳಬೇಕು ಅಂದ್ರೆ 2018ಕ್ಕೆ ಹೋಗಬೇಕು.

ಆಗ ಇದೇ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ನೀ ಮುಂಬೈದಾಗ ಅದೀಯಲ್ಲ, ಅಲ್ಲೆ ಲ್ಯಾಮಿಂಗ್ಟನ್ ರೋಡಿನ್ಯಾಗ ಸಸ್ತಾ ಸಿಗ್ತಾವಂತ. ನನಗೊಂದು 1050 ಟಿಐ ತಗೊಂಡ್ ಬಾ." ಕ್ರಿಪ್ಟೋ ಗಣಿಗಾರಿಕೆಯ ಹುಚ್ಚಿನಿಂದ ಕಾರ್ಡುಗಳ ಬೆಲೆ ಏರಿದ್ದ ವರ್ಷ ಅದು. ಬಾಂದ್ರಾದಿಂದ ಸ್ಲೋ ಲೋಕಲ್ ಹತ್ತಿ ಗ್ರಾಂಟ್ ರೋಡಿನಲ್ಲಿ ಇಳಿದೆ. ನಾಲ್ಕು ಅಂಗಡಿ ತಿರುಗಿದ ಮೇಲೆ ಒಂದು ಸಣ್ಣ ಗಾಳಾದಲ್ಲಿ ಉಳಿದವರಿಗಿಂತ ಮೂರು ಸಾವಿರ ಕಡಿಮೆಗೆ ಸಿಕ್ತು. ಬಿಲ್ ಬೇಡ ಅಂದ್ರೆ ಇನ್ನೂ ಸ್ವಲ್ಪ ಕಡಿಮೆ. ಬೇಡ ಅಂದೆ. ಕಾರ್ಡಿನ ಹಿಂಭಾಗದಲ್ಲಿ ಹಳೇ ನೀಲಿ ವಿಜಿಎ ಕನೆಕ್ಟರ್ ಕೂಡ ಇತ್ತು. ತಮ್ಮನ ಹತ್ತಿರ ಇದ್ದದ್ದು ಹಳೇ ಮಾನಿಟರು, ಒಳ್ಳೇದೇ ಆಯ್ತು ಅಂತ ಖುಷಿಪಟ್ಟೆ. ನನ್ನ ದಡ್ಡತನಕ್ಕೆ ಅದೇ ಸಾಕ್ಷಿ. ಯಾಕೆ ಅಂತ ಆಮೇಲೆ ಹೇಳ್ತೀನಿ.

ದಾದರ್‌ನಲ್ಲಿ ಶರಾವತಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದಾಗ ಕೊಟ್ಟು ಬಂದೆ. ಎರಡು ವಾರದ ಮೇಲೆ ಫೋನ್. ಕಂಪನಿ ಸೈಟಿನ ಡ್ರೈವರ್ ಹಾಕಿದ್ರೆ ನೀಲಿ ಪರದೆ, ಡಬ್ಬಿಯಲ್ಲಿದ್ದ ಸಿಡಿ ಹಾಕಿದ್ರೆ ನಡೀತದೆ, ಆದರೆ ಸಣ್ಣ ವಿಡಿಯೋ ರೆಂಡರ್ ಮಾಡೋಕೂ ಹಳೇ ಕಾರ್ಡಿನಷ್ಟೇ ಹೊತ್ತು. ಮತ್ತೆ ಲ್ಯಾಮಿಂಗ್ಟನ್ ರೋಡಿಗೆ ಹೋದೆ. ಆ ಗಾಳಾದಲ್ಲಿ ಮೊಬೈಲ್ ಕವರ್ ಮಾರ್ತಾ ಇದ್ರು. ಅವನು ಒಂದು ಸೀಸನ್ ಪೂರ್ತಿ ದುಡಿದು ಕೂಡಿಸಿದ್ದ ದುಡ್ಡು ಅದು. ಇವತ್ತಿಗೂ ನನಗೆ ಒಂದು ಮಾತು ಅಂದಿಲ್ಲ. ಅಂದಿದ್ರೆ ಒಳ್ಳೇದಿತ್ತು.

ಈಗ ಇತಿಹಾಸಕ್ಕೆ ಬರೋಣ. ಬರೆದ ಅಂಕಿ ಒಂದು, ಕೊಟ್ಟ ಮಾಲು ಇನ್ನೊಂದು ಅನ್ನೋದು ಚಿಪ್ಪಿಗಿಂತ ಎಷ್ಟೋ ಹಳೆಯ ವಿಷಯ. ಬ್ರಿಟಿಷರ ಕಾಲದ ಲೆಕ್ಕದಲ್ಲಿ ಬೊಂಬಾಯಿ ಮಣ ಅಂದ್ರೆ 28 ಪೌಂಡು, ಮದರಾಸು ಮಣ 25 ಪೌಂಡು, ಬಂಗಾಳದ ಮಣ 82 ಪೌಂಡಿಗೂ ಮೇಲೆ. ಹುಬ್ಬಳ್ಳಿ ಬೊಂಬಾಯಿ ಪ್ರಾಂತ್ಯದಲ್ಲಿತ್ತು, ಮಂಗಳೂರು ಮದರಾಸಿನಲ್ಲಿತ್ತು. ಇಬ್ಬರೂ ಕನ್ನಡದಲ್ಲೇ "ಮಣ" ಅಂತಿದ್ರು, ತೂಕ ಮಾತ್ರ ಬೇರೆ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂದು, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಕಿಲೋ ಜಾರಿಯಾದ ಮೇಲೆ ಆ ಗೊಂದಲ ತೀರಿತು. ಅಂಗಡಿಯವನ ತೂಕದ ಕಲ್ಲಿಗೆ ಸರ್ಕಾರಿ ಮುದ್ರೆ ಬೀಳುತ್ತೆ, ಅದನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡ್ತಾರೆ. ಆದರೆ ಗ್ರಾಫಿಕ್ಸ್ ಕಾರ್ಡಿಗೆ ಅಂಥ ಮುದ್ರೆ ಇಲ್ಲ. ಅಲ್ಲಿ ಮಣ ಎಷ್ಟು ಅನ್ನೋದನ್ನು ಮಾರೋನೇ ಹೇಳ್ತಾನೆ.

ನಮ್ಮ ವಯಸ್ಸಿನವರಿಗೆ ಇದರ ಮೊದಲ ಪಾಠ ಟೇಪ್‌ರೆಕಾರ್ಡರ್ ಮೇಲಿನ ಪಿಎಂಪಿಒ ವ್ಯಾಟ್. ಕೈಯಲ್ಲಿ ಎತ್ತೋ ಡಬ್ಬಕ್ಕೆ ಸಾವಿರ ವ್ಯಾಟ್ ಅಂತ ಬರೆದಿರೋರು, ನಿಜವಾದ ಶಕ್ತಿ ಅದರ ಒಂದು ಸಣ್ಣ ಪಾಲು. ಕಂಪ್ಯೂಟರಿನಲ್ಲಿ ಇದು 1990ರ ದಶಕದಲ್ಲೇ ಶುರುವಾಯ್ತು. ಪೆಂಟಿಯಂ ಚಿಪ್ಪಿನ ಮೇಲಿನ ಅಕ್ಷರ ಉಜ್ಜಿ, ಹೆಚ್ಚಿನ ಮೆಗಾಹರ್ಟ್ಸ್ ಅಚ್ಚು ಹಾಕಿ ಮಾರೋ ದಂಧೆ ಜಗತ್ತಿನಾದ್ಯಂತ ನಡೀತು. ಇಂಟೆಲ್ ಅದಕ್ಕೆ ಚಿಪ್ಪಿನ ಮಲ್ಟಿಪ್ಲೈಯರ್‌ಗೆ ಬೀಗ ಹಾಕಿತು. 2000ದಲ್ಲಿ ಬಂದ ಪೆಂಟಿಯಂ 4 ತನ್ನ ಹೆಸರು, ವೇಗ ಎರಡನ್ನೂ ಸಾಫ್ಟ್‌ವೇರ್ ಕೇಳಿದಾಗ ತಾನೇ ಹೇಳೋ ಹಾಗೆ ಆಯ್ತು. ಅಂದ್ರೆ ಮೇಲಿನ ಅಚ್ಚನ್ನು ನಂಬಬೇಡ, ಚಿಪ್ಪನ್ನೇ ಕೇಳು ಅನ್ನೋ ಪದ್ಧತಿ.

ಹಾಗಾದ್ರೆ ಚಿಪ್ಪೇ ಸುಳ್ಳು ಹೇಳಿದ್ರೆ? ನನಗೆ ಸಿಕ್ಕಿದ್ದು ಅದೇ. ಆ ಕಾಲದಲ್ಲಿ ಹರಿದಾಡಿದ ನಕಲಿ 1050 ಟಿಐಗಳಲ್ಲಿ ಸಾಮಾನ್ಯವಾಗಿ ಇರ್ತಾ ಇದ್ದದ್ದು 2010-11ರ ಫರ್ಮಿ ಪೀಳಿಗೆಯ ಹಳೇ ಚಿಪ್ಪು, ಜಿಟಿಎಸ್ 450 ಅಥವಾ ಜಿಟಿಎಕ್ಸ್ 550 ಟಿಐನದ್ದು. ಅದರ ಬಯೋಸ್ ತಿದ್ದಿ ಹೆಸರು ಬದಲಾಯಿಸ್ತಿದ್ರು. ನಿಜವಾದ 1050 ಟಿಐಯಲ್ಲಿ 768 ಕೋರ್, ಹಳೆಯದರಲ್ಲಿ 192. ವಿಂಡೋಸ್ ಕೇಳಿದ್ರೆ ಮಾತ್ರ "ನಾನು 1050 ಟಿಐ" ಅಂತಲೇ ಉತ್ತರ. ಆದರೆ 10ರ ಸರಣಿಯ ಯಾವ ಚಿಪ್ಪೂ ವಿಜಿಎ ಸಿಗ್ನಲ್ ಕೊಡೋದೇ ಇಲ್ಲ. ಎನ್‌ವಿಡಿಯಾ ಆ ಹೊತ್ತಿಗೆ ಅನಲಾಗ್ ಔಟ್‌ಪುಟ್ ತೆಗೆದುಹಾಕಿತ್ತು. ನಾನು ಖುಷಿಪಟ್ಟ ಆ ನೀಲಿ ಕನೆಕ್ಟರೇ "ನಾನು ನಕಲಿ" ಅಂತ ಕೂಗಿ ಹೇಳ್ತಿತ್ತು. 2018ರ ಅಕ್ಟೋಬರ್‌ನಲ್ಲಿ ಜಿಪಿಯು-ಝಡ್ ಅನ್ನೋ ಉಚಿತ ಸಾಫ್ಟ್‌ವೇರಿನ ಹೊಸ ಆವೃತ್ತಿ ಇಂಥ ಕಾರ್ಡುಗಳನ್ನು ಗುರುತಿಸಿ ಹೆಸರಿನ ಮುಂದೆ "ಫೇಕ್" ಅಂತ ಹಾಕೋಕೆ ಶುರು ಮಾಡಿತು. ನಾನು ಕಾರ್ಡ್ ಕೊಂಡು ಆಗಲೇ ಕೆಲವು ತಿಂಗಳಾಗಿತ್ತು.

ಇದು ಕಳ್ಳ ವ್ಯಾಪಾರಿಯ ಕಥೆ ಆಯ್ತು. ದೊಡ್ಡ ಕಂಪನಿಯ ಸೀಲ್ ಹಾಕಿದ ಡಬ್ಬಿಯ ಕಥೆ ಇನ್ನೊಂದಿದೆ. 2014ರ ಸೆಪ್ಟೆಂಬರ್‌ನಲ್ಲಿ ಎನ್‌ವಿಡಿಯಾ 329 ಡಾಲರಿಗೆ ಜಿಟಿಎಕ್ಸ್ 970 ಬಿಟ್ಟಿತು. ವಿಮರ್ಶಕರಿಗೆ ಕೊಟ್ಟ ಪಟ್ಟಿಯಲ್ಲಿ 4 ಜಿಬಿ ಮೆಮೊರಿ, 64 ಆರ್‌ಒಪಿ, 2 ಎಂಬಿ ಎಲ್2 ಕ್ಯಾಶ್ ಅಂತ ಇತ್ತು. ಆರ್‌ಒಪಿ ಅಂದ್ರೆ ಲೆಕ್ಕ ಮುಗಿದ ಚಿತ್ರದ ಚುಕ್ಕಿಗಳನ್ನು ಕೊನೆಗೆ ಮೆಮೊರಿಗೆ ಬರೆಯೋ ಭಾಗ. ಕೆಲವು ತಿಂಗಳಲ್ಲಿ ಬಳಕೆದಾರರಿಗೆ ಒಂದು ವಿಚಿತ್ರ ಕಂಡಿತು: ಕಾರ್ಡು 3.5 ಜಿಬಿ ಹತ್ತಿರ ಬಂದು ಹಿಂಜರಿಯುತ್ತೆ. ಮೆಮೊರಿಯನ್ನು ತುಂಡುತುಂಡಾಗಿ ತುಂಬಿ ಪ್ರತಿ ತುಂಡಿನ ವೇಗ ಅಳೆಯೋ ಪುಟ್ಟ ಪ್ರೋಗ್ರಾಮನ್ನು ಒಬ್ಬ ಬಳಕೆದಾರನೇ ಬರೆದ. ಕೊನೆಯ ತುಂಡಿನಲ್ಲಿ ವೇಗ ಕುಸಿದುಬಿತ್ತು. 2015ರ ಜನವರಿಯಲ್ಲಿ ಎನ್‌ವಿಡಿಯಾ ಒಪ್ಪಿಕೊಂಡಿತು: ಆರ್‌ಒಪಿ 56, ಕ್ಯಾಶ್ 1.75 ಎಂಬಿ, ಮೆಮೊರಿ 3.5 ಮತ್ತು 0.5 ಅಂತ ಎರಡು ಭಾಗ. ದೊಡ್ಡ ಭಾಗಕ್ಕೆ ಸೆಕೆಂಡಿಗೆ 196 ಜಿಬಿ ವೇಗ, ಸಣ್ಣದಕ್ಕೆ ಬರೀ 28. ಎಂಜಿನಿಯರುಗಳು ಹೇಳಿದ್ದು ಮಾರ್ಕೆಟಿಂಗ್‌ನವರಿಗೆ ಸರಿಯಾಗಿ ತಲುಪಲಿಲ್ಲ ಅನ್ನೋದು ಅವರ ವಿವರಣೆ. ಅಮೆರಿಕದಲ್ಲಿ ಕೇಸ್ ನಡೆದು, 2016ರ ಒಪ್ಪಂದದಲ್ಲಿ ಅಲ್ಲಿ ಕೊಂಡವರಿಗೆ ಕಾರ್ಡಿಗೆ 30 ಡಾಲರ್ ಅಂತ ತೀರ್ಮಾನವಾಯ್ತು.

ಇದರಲ್ಲಿ ನಾನು ಕಲಿತದ್ದು ಒಂದೇ. ಆ ದಿನಗಳಲ್ಲಿ ಜಿಪಿಯು-ಝಡ್ ತೆರೆದು ನೋಡಿದವರಿಗೂ 64 ಆರ್‌ಒಪಿ ಅಂತಲೇ ಕಾಣ್ತಿತ್ತು. ಪರೀಕ್ಷೆ ಮಾಡೋ ಉಪಕರಣವೂ ಕೆಲವೊಮ್ಮೆ ಕಂಪನಿ ಕೊಟ್ಟ ಪಟ್ಟಿಯನ್ನೇ ನಂಬಿ ನಮಗೆ ಓದಿ ಹೇಳುತ್ತೆ. ಹೆಸರು ಓದೋದು ಬೇರೆ, ತೂಗೋದು ಬೇರೆ. ಸತ್ಯ ಹೊರಬಿದ್ದದ್ದು ವೇಗವನ್ನು ಅಳೆದಾಗಲೇ.

ಮೂರನೇ ಬಗೆ ನಮ್ಮ ಹಳೇ ಮಣದ ಕಥೆಯೇ: ಹೆಸರು ಒಂದೇ, ತೂಕ ಬೇರೆ. 2016ರ ಜಿಟಿಎಕ್ಸ್ 1060, 6 ಜಿಬಿಯದರಲ್ಲಿ 1280 ಕೋರ್, 3 ಜಿಬಿಯದರಲ್ಲಿ 1152. ಮೆಮೊರಿ ಮಾತ್ರ ಕಡಿಮೆ ಅಂದ್ಕೊಂಡು ಕೊಂಡವರಿಗೆ ಕೋರ್ ಕೂಡ ಕಡಿಮೆ ಬಂತು. 2018ರಲ್ಲಿ ಜಿಟಿ 1030 ಅದೇ ಹೆಸರಲ್ಲಿ ಡಿಡಿಆರ್4 ಮೆಮೊರಿ ಹಾಕ್ಕೊಂಡು ಬಂತು. ಸೆಕೆಂಡಿಗೆ 48 ಜಿಬಿ ಇದ್ದದ್ದು 16.8ಕ್ಕೆ ಇಳಿದಿತ್ತು. 2022ರಲ್ಲಿ ಆರ್‌ಟಿಎಕ್ಸ್ 4080 ಹೆಸರಿನ ಎರಡು ಕಾರ್ಡು ಘೋಷಿಸಿದ್ರು, ಒಂದರಲ್ಲಿ 9728 ಕೋರ್, ಇನ್ನೊಂದರಲ್ಲಿ 7680. ಜನ ಗಲಾಟೆ ಮಾಡಿದ ಮೇಲೆ ಅಕ್ಟೋಬರ್‌ನಲ್ಲಿ ಸಣ್ಣದನ್ನು ವಾಪಸ್ ತಗೊಂಡು, ಮುಂದಿನ ಜನವರಿಯಲ್ಲಿ 4070 ಟಿಐ ಅಂತ ಬಿಟ್ರು.

ನಾಲ್ಕನೆಯದು 2025ರ ಫೆಬ್ರವರಿಯದು. ಆರ್‌ಟಿಎಕ್ಸ್ 5090ರಲ್ಲಿ 176 ಆರ್‌ಒಪಿ ಇರಬೇಕು, ಕೆಲವರ ಕಾರ್ಡಿನಲ್ಲಿ 168 ಅಂತ ಜಿಪಿಯು-ಝಡ್ ತೋರಿಸ್ತು. ಇದು ಮೋಸ ಅಲ್ಲ, ಕಾರ್ಖಾನೆಯ ತಪ್ಪು. 5090 ಮತ್ತು 5070 ಟಿಐ ಕಾರ್ಡುಗಳಲ್ಲಿ ನೂರಕ್ಕೆ ಅರ್ಧಕ್ಕಿಂತ ಕಡಿಮೆ ಪಾಲಿನಲ್ಲಿ ಹೀಗಾಗಿದೆ, ಗ್ರಾಫಿಕ್ಸ್ ವೇಗ ಸರಾಸರಿ ಶೇ. 4ರಷ್ಟು ಕಡಿಮೆಯಾಗುತ್ತೆ, ಬದಲಿಸಿ ಕೊಡ್ತೀವಿ ಅಂತ ಎನ್‌ವಿಡಿಯಾ ಹೇಳಿತು. ಆಮೇಲೆ 5080ಯೂ ಪಟ್ಟಿಗೆ ಸೇರಿತು. ಶೇ. 4 ಅಂದ್ರೆ ಬಳಸುವಾಗ ಯಾರಿಗೂ ಗೊತ್ತಾಗಲ್ಲ. ಪರೀಕ್ಷೆ ಮಾಡದವನು ಆ ಕೊರತೆಯನ್ನು ಪೂರ್ತಿ ಬೆಲೆಗೆ ಕೊಂಡು ಸುಮ್ಮನೆ ಇಟ್ಟುಕೊಳ್ತಾನೆ.

ಅದಕ್ಕೇ ಮೊನ್ನೆ ಸಂಜೆ ನಾನು ಮೂರು ಗಂಟೆ ಕೂತದ್ದು. ಏನೇನು ಮಾಡಿದೆ ಅಂತ ಹೇಳ್ತೀನಿ, ನೀವೂ ಮಾಡಿ. ಮೊದಲು ಡಬ್ಬಿ ಬಿಚ್ಚೋವಾಗ ಫೋನಿನಲ್ಲಿ ವಿಡಿಯೋ ಮಾಡಿಟ್ಟೆ. ಡಬ್ಬಿ, ಕಾರ್ಡ್, ಬಿಲ್ ಮೂರರ ಮೇಲಿನ ಸೀರಿಯಲ್ ನಂಬರ್ ಹೋಲಿಸಿದೆ. ಕನೆಕ್ಟರುಗಳನ್ನು ತಯಾರಕರ ಸೈಟಿನ ಫೋಟೋ ಜೊತೆ ನೋಡಿದೆ. ಡ್ರೈವರನ್ನು ಎನ್‌ವಿಡಿಯಾ ಸೈಟಿನಿಂದಲೇ ಇಳಿಸಿಕೊಂಡೆ. ಆಮೇಲೆ ಜಿಪಿಯು-ಝಡ್: 8960 ಕೋರ್, 96 ಆರ್‌ಒಪಿ, 256 ಬಿಟ್ ಬಸ್, 16 ಜಿಬಿ ಜಿಡಿಡಿಆರ್7, ಸೆಕೆಂಡಿಗೆ 896 ಜಿಬಿ. ಕೊರತೆ ಇರೋ ಕಾರ್ಡಾಗಿದ್ರೆ 96ರ ಜಾಗದಲ್ಲಿ 88 ಕಾಣ್ತಿತ್ತು. ಪಿಸಿಐ ಎಕ್ಸ್‌ಪ್ರೆಸ್ ವೇಗ ಕಡಿಮೆ ತೋರಿಸಿದ್ರೆ ಗಾಬರಿ ಬೇಡ, ಸುಮ್ಮನಿದ್ದಾಗ ಕಾರ್ಡು ಕರೆಂಟ್ ಉಳಿಸೋಕೆ ಅದನ್ನು ಇಳಿಸುತ್ತೆ. ಲೋಡ್ ಕೊಟ್ಟು ನೋಡಿ.

ಇಲ್ಲಿವರೆಗೂ ಮಾಡಿದ್ದು ಹೆಸರು ಓದೋದು. ತೂಗೋದು ಆಮೇಲೆ. ಮೆಮೊರಿ ಪೂರ್ತಿ ತುಂಬೋ ಪರೀಕ್ಷೆ ಒಂದು. ಒಂದು ಬೆಂಚ್‌ಮಾರ್ಕ್ ಓಡಿಸಿ, ಅದೇ ಕಾರ್ಡ್ ಇರೋ ಬೇರೆಯವರ ಅಂಕದ ಜೊತೆ ಹೋಲಿಕೆ. ಕೊನೆಗೆ ತಮ್ಮನ ಹಳೇ ಮದುವೆ ಪ್ರಾಜೆಕ್ಟ್ ಒಂದನ್ನೇ ತೆಗೆದು ರೆಂಡರ್. ಅವನಿಗೆ ಬೇಕಾದದ್ದು ಅದೇ ತಾನೇ. ಎಲ್ಲ ಸರಿ ಬಂತು.

ಇನ್ನೊಂದು ಮಾತು. ಮುಂಬೈ ಉಪನಗರ ಜಿಲ್ಲೆಯ ಗ್ರಾಹಕ ಆಯೋಗ ಇರೋದು ಇದೇ ಬಾಂದ್ರಾ ಪೂರ್ವದಲ್ಲಿ, ಚೇತನಾ ಕಾಲೇಜಿನ ಹತ್ತಿರದ ಆಡಳಿತ ಕಟ್ಟಡದಲ್ಲಿ. ದಿನಾ ಅದರ ಮುಂದೆಯೇ ಆಟೋದಲ್ಲಿ ಬಿಕೆಸಿ ಆಫೀಸಿಗೆ ಹೋಗ್ತೀನಿ. 1986ರಲ್ಲಿ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದಾಗಲೇ, ಮಾಲಿನ ದೋಷ ಕಣ್ಣಿಗೆ ಕಾಣದಿದ್ರೆ ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸೋ ಅಧಿಕಾರ ಅದರಲ್ಲಿತ್ತು. 2019ರ ಹೊಸ ಕಾಯ್ದೆ ಬಂದ ಮೇಲೆ ನಾವು ವಾಸ ಮಾಡೋ ಅಥವಾ ಕೆಲಸ ಮಾಡೋ ಊರಲ್ಲೇ ದೂರು ಕೊಡಬಹುದು. ಬೇರೆ ಊರಿಂದ ಬಂದ ನಮ್ಮಂಥವರಿಗೆ ಇದು ದೊಡ್ಡ ಅನುಕೂಲ. 5 ಲಕ್ಷದವರೆಗಿನ ಮಾಲಿಗೆ ಶುಲ್ಕವೂ ಇಲ್ಲ, ಎರಡು ವರ್ಷದ ಕಾಲಾವಕಾಶವೂ ಇದೆ. ಸಹಾಯವಾಣಿ 1915.

2018ರಲ್ಲಿ ನಾನೂ ಹೋಗಬಹುದಿತ್ತು. ಆದರೆ ಏನು ಹಿಡ್ಕೊಂಡು ಹೋಗಲಿ? ಸ್ವಲ್ಪ ದುಡ್ಡಿನ ಆಸೆಗೆ ಬಿಲ್ಲೇ ತಗೊಂಡಿರಲಿಲ್ಲ. ಅಂಗಡಿಯವನು ಮಾರಿದ್ದು ನಕಲಿ ಕಾರ್ಡು, ನಿಜ. ಅವನನ್ನು ಹಿಡಿಯೋ ಹಗ್ಗವನ್ನು ಅವನ ಕೈಗೇ ಕೊಟ್ಟು ಬಂದವನು ನಾನು.

ಈ ಸಲ ಬಿಲ್ ತಮ್ಮನ ಹೆಸರಲ್ಲೇ ಮಾಡಿಸಿದ್ದೀನಿ. ಪರೀಕ್ಷೆಯ ಸ್ಕ್ರೀನ್‌ಶಾಟ್ ಎಲ್ಲ ವಾಟ್ಸಾಪಿನಲ್ಲಿ ಕಳಿಸಿದೆ. ಅವನ ಉತ್ತರ: "ಅಣ್ಣಾ, ಈ ಸಲ ವಿಜಿಎ ಐತೇನು ನೋಡಿದ್ಯಾ?" ಏಳು ವರ್ಷ ಆದ ಮೇಲೆ ಮೊದಲ ಸಲ ಆ ವಿಷಯ ಎತ್ತಿದ, ಅದೂ ನಗ್ತಾ. ಇಲ್ಲಪ್ಪ, ಇಲ್ಲ ಅಂದೆ. ಮುಂದಿನ ವಾರ ಕಾರ್ಡ್ ಹಿಡ್ಕೊಂಡು ಊರಿಗೆ ಹೊರಟಿದ್ದೀನಿ.

ನಿಮ್ಮಲ್ಲಿ ಯಾರಾದ್ರೂ ಹೊಸ ಕಾರ್ಡ್ ತಗೊಂಡಿದ್ರೆ, ವಾಪಸ್ ಕೊಡೋ ಅವಧಿ ಮುಗಿಯೋ ಮೊದಲೇ ಒಂದು ಸಂಜೆ ಬಿಡುವು ಮಾಡ್ಕೊಳ್ಳಿ.